ನೊಂದವರ ಜೊತೆ ಹೋಗುವವರಿಗೆ: ಆಸ್ಪತ್ರೆ, ಠಾಣೆ, ಕೋರ್ಟಿನ ದಾರಿ

ಹಲ್ಲೆ, ಅತ್ಯಾಚಾರ, ಮನೆಯೊಳಗಿನ ಹಿಂಸೆ, ವಂಚನೆ, ಏನೇ ಆಗಿರಲಿ, ನೊಂದವರು ಮೊದಲು ಫೋನ್ ಮಾಡುವುದು ಅಕ್ಕನಿಗೆ, ಪಕ್ಕದ ಮನೆಯವರಿಗೆ, ಜೊತೆಗೆ ಕೆಲಸ ಮಾಡುವವರಿಗೆ. ವಕೀಲರು ಬರುವುದು ಆಮೇಲೆ, ಎಷ್ಟೋ ಸಲ ತಿಂಗಳುಗಳ ಮೇಲೆ. ಆ ಫೋನ್ ನಿಮಗೆ ಬಂದಿದ್ದರೆ ಇದು ನಿಮಗಾಗಿ ಬರೆದದ್ದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಬಂದಿದೆ. ಅದರಲ್ಲಿ ನೊಂದವರಿಗೆ ಹಕ್ಕುಗಳಿವೆ, ಕೆಲವಕ್ಕೆ ದಿನಗಳ ಗಡುವೂ ಇದೆ. ಆದರೆ ಕೇಳದೆ ಸಿಗುವುದು ಕಡಿಮೆ. ಕೇಳಬೇಕು, ಬರೆದು ಕೇಳಬೇಕು, ಬರೆದದ್ದಕ್ಕೆ ಸೀಲು ಹಾಕಿಸಿಕೊಳ್ಳಬೇಕು. ನಿಮ್ಮ ಕೆಲಸದ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು ಪಕ್ಕದಲ್ಲಿ ಸುಮ್ಮನೆ ಕೂತಿರುವುದು, ಅದು ಸಣ್ಣ ಕೆಲಸವಲ್ಲ.

ಮೊದಲ ಕೆಲವು ಗಂಟೆ

ಅಪಾಯ ಇನ್ನೂ ಇದ್ದರೆ 112. ಗಾಯವಾಗಿದ್ದರೆ 108. ಮಗುವಿಗೆ 1098, ಮಹಿಳೆಯರಿಗೆ 181. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ಬೇರೆಲ್ಲ ಬಿಟ್ಟು ಮೊದಲು 1930.

ಆಮೇಲೆ ಒಂದೇ ಪ್ರಶ್ನೆ ಕೇಳಿ: "ಈಗ ನಿಮಗೆ ಏನು ಬೇಕು?" ನೀರು ಬೇಕಿರಬಹುದು, ಮಗುವನ್ನು ಯಾರಾದರೂ ನೋಡಿಕೊಳ್ಳಬೇಕಿರಬಹುದು, ಆ ರಾತ್ರಿ ಮಲಗಲು ಬೇರೆ ಜಾಗ ಬೇಕಿರಬಹುದು. "ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದೆ", "ಮೊದಲೇ ಹೇಳಬಾರದಿತ್ತಾ" ಅನ್ನುವ ಮಾತು ನಿಮ್ಮ ಬಾಯಿಂದ ಬರಕೂಡದು. ಆ ಪ್ರಶ್ನೆಗಳನ್ನು ಕೇಳುವವರು ಮುಂದೆ ಬೇಕಾದಷ್ಟು ಜನ ಸಿಗುತ್ತಾರೆ. ನಡೆದದ್ದನ್ನು ಪೂರ್ತಿ ಹೇಳಿಸುವ ಅಗತ್ಯ ನಿಮಗಿಲ್ಲ. ಡಾಕ್ಟರಿಗೆ, ಪೊಲೀಸರಿಗೆ, ಮ್ಯಾಜಿಸ್ಟ್ರೇಟರಿಗೆ, ಕೋರ್ಟಿಗೆ ಅಂತ ಅವರು ಅದನ್ನು ಕಡಿಮೆ ಅಂದರೂ ನಾಲ್ಕು ಸಲ ಹೇಳಬೇಕಾಗುತ್ತದೆ. ಐದನೆಯ ಸಲ ನಿಮಗಾಗಿ ಬೇಡ.

ಲೈಂಗಿಕ ದೌರ್ಜನ್ಯವಾಗಿದ್ದರೆ, ಸಾಧ್ಯವಿದ್ದಷ್ಟು, ಸ್ನಾನ ಮಾಡುವ, ಬಟ್ಟೆ ಒಗೆಯುವ ಮುಂಚೆ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಆಗಲೇ ಸ್ನಾನ ಆಗಿದ್ದರೂ ಕೆಲಸ ಕೆಟ್ಟಿತು ಅಂದುಕೊಳ್ಳಬೇಡಿ, ಆದರೂ ಹೋಗಿ. ಬಟ್ಟೆ ಬದಲಿಸಿದ್ದರೆ ಪ್ರತಿ ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ ಬೇಡ: ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಬೆವತು ಬೂಸ್ಟು ಹಿಡಿಯುತ್ತದೆ, ಡಿಎನ್ಎ ಹಾಳಾಗುತ್ತದೆ. ಒದ್ದೆ ಇದ್ದರೆ ನೆರಳಿನಲ್ಲಿ, ಗಾಳಿಯಲ್ಲಿ ಒಣಗಿಸಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದರೂ ಆಗುತ್ತದೆ. ಕವರಿನ ಮೇಲೆ ದಿನಾಂಕ, ಸಮಯ ಬರೆದು ತನಿಖಾಧಿಕಾರಿಗೆ ಕೊಡುವಾಗ ಮಹಜರಿನಲ್ಲಿ ಸೇರಿಸಲು ಹೇಳಿ.

ಅತ್ಯಾಚಾರಕ್ಕೆ ಒಳಗಾದವರಿಗೆ, ಆಸಿಡ್ ದಾಳಿಗೆ ಸಿಕ್ಕವರಿಗೆ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ವ್ಯಾಪ್ತಿಯ ಮಕ್ಕಳಿಗೆ ಪ್ರತಿ ಆಸ್ಪತ್ರೆಯೂ, ಖಾಸಗಿಯಾಗಿದ್ದರೂ, ಪ್ರಥಮ ಚಿಕಿತ್ಸೆಯನ್ನೋ ವೈದ್ಯಕೀಯ ಚಿಕಿತ್ಸೆಯನ್ನೋ ಉಚಿತವಾಗಿ ಕೊಡಲೇಬೇಕು. ಇದು ಬಿಎನ್‌ಎಸ್‌ಎಸ್ 397ನೇ ಕಲಂ. ಕೊಡದಿದ್ದರೆ ಆಸ್ಪತ್ರೆ ನಡೆಸುವವರಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ರಿಸೆಪ್ಷನ್ನಿನಲ್ಲಿ "ಅಡ್ವಾನ್ಸ್ ಕಟ್ಟಿ" ಅಂದರೆ ಜಗಳ ಬೇಡ, ಈ ಕಲಂನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಡ್ಯೂಟಿ ಡಾಕ್ಟರ್ ಕೈಗೆ ಕೊಡಿ. ಬೇರೆ ಹಲ್ಲೆ ಪ್ರಕರಣಗಳಲ್ಲೂ "ಪೊಲೀಸರು ಬರಲಿ, ಆಮೇಲೆ ನೋಡ್ತೀವಿ" ಅನ್ನುವಂತಿಲ್ಲ. ಮೊದಲು ಚಿಕಿತ್ಸೆ, ಕಾಗದ ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ, ವಾಣಿವಿಲಾಸ, ಬೌರಿಂಗ್, ಕೆ.ಸಿ. ಜನರಲ್, ಜಯನಗರ ಜನರಲ್ ಆಸ್ಪತ್ರೆಗಳಿಗೆ ಇಂಥ ಪ್ರಕರಣಗಳು ಬರುತ್ತಲೇ ಇರುತ್ತವೆ. ಸುಟ್ಟ ಗಾಯಕ್ಕೆ ವಿಕ್ಟೋರಿಯಾದಲ್ಲೇ ಪ್ರತ್ಯೇಕ ವಿಭಾಗವಿದೆ.

ಆಸ್ಪತ್ರೆಯಲ್ಲಿ ನೆನಪಿಡಬೇಕಾದ್ದು: ಹಲ್ಲೆ ಅಂತ ಹೇಳಿದರೆ ಅದನ್ನು ಮೆಡಿಕೋ-ಲೀಗಲ್ ಕೇಸ್, ಅಂದರೆ ಎಂಎಲ್‌ಸಿ ಅಂತ ದಾಖಲಿಸಬೇಕು, ಆ ಎಂಎಲ್‌ಸಿ ನಂಬರು ಬರೆದಿಟ್ಟುಕೊಳ್ಳಿ. ಗಂಡ ಹೊಡೆದದ್ದನ್ನು ಮುಚ್ಚಿಡಲು "ಬಾತ್‌ರೂಮಲ್ಲಿ ಜಾರಿ ಬಿದ್ದೆ" ಅಂತ ಒಮ್ಮೆ ಬರೆಸಿದರೆ ಆ ಸಾಲು ವರ್ಷಗಳ ಮೇಲೆ ಪಾಟೀಸವಾಲಿನಲ್ಲಿ, ಅಂದರೆ ಎದುರಾಳಿ ವಕೀಲರ ಪ್ರಶ್ನೆಗಳಲ್ಲಿ, ಎದ್ದು ಬರುತ್ತದೆ. ಮುಂದೆ ಕೋರ್ಟಿಗೆ ಹೋಗುವ ವೂಂಡ್ ಸರ್ಟಿಫಿಕೇಟ್ ಹುಟ್ಟುವುದು ಈ ದಾಖಲೆಯಿಂದಲೇ. ವೈದ್ಯಕೀಯ ತಪಾಸಣೆಗೆ ಒಪ್ಪಿಗೆ ಬೇಕು. ಚಿಕಿತ್ಸೆಗೆ ಹೂಂ ಅಂದು ತಪಾಸಣೆಗೆ ಬೇಡ ಅನ್ನುವ ಹಕ್ಕೂ ಇದೆ, ತಪಾಸಣೆಯ ಒಂದು ಭಾಗಕ್ಕೆ ಮಾತ್ರ ಬೇಡ ಅನ್ನಬಹುದು. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ ಖಂಡಿಸಿದೆ, ಅದನ್ನು ಮಾಡುವುದು ದುರ್ವರ್ತನೆ ಅಂತ 2022ರಲ್ಲಿ ಹೇಳಿದೆ. ಎಚ್ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ತುರ್ತು ಗರ್ಭನಿರೋಧಕ ಮಾತ್ರೆಯೂ ಬೇಗ ಕೊಟ್ಟಷ್ಟು ಒಳ್ಳೆಯದು. ಗಡಿಬಿಡಿಯಲ್ಲಿ ಇವೆರಡೂ ಮರೆತುಹೋಗುತ್ತವೆ, ನೀವೇ ಕೇಳಿ.

ದೂರು: ಅರ್ಧ ಪುಟ ಚೆನ್ನಾಗಿ ಬರೆದರೆ ಅರ್ಧ ಕೇಸು

ದೂರಿನಲ್ಲಿ ಆಗುವ ದೊಡ್ಡ ತಪ್ಪು, ನಡೆದದ್ದನ್ನು ಬರೆಯುವ ಬದಲು ನೋವನ್ನು ಬರೆಯುವುದು. "ಈತ ನನಗೆ ತುಂಬಾ ದಿನದಿಂದ ಕಿರುಕುಳ ಕೊಡುತ್ತಿದ್ದು ಮಾನಸಿಕವಾಗಿ ಕುಗ್ಗಿದ್ದೇನೆ, ಕ್ರಮ ಕೈಗೊಳ್ಳಿ" ಅಂತ ಬರೆದರೆ ಅದರಲ್ಲಿ ಯಾವ ಅಪರಾಧವೂ ಕಾಣುವುದಿಲ್ಲ. ಎನ್‌ಸಿಆರ್, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧದ ವರದಿ, ಮಾಡಿ ಕಳಿಸುತ್ತಾರೆ. ಅದೇ ಸಂಗತಿಯನ್ನು ಹೀಗೆ ಬರೆಯಬಹುದು: "ದಿನಾಂಕ ಇಂಥದ್ದು, ರಾತ್ರಿ ಸುಮಾರು 9.30ಕ್ಕೆ ಬಸ್ಸಿಳಿದು ಮನೆಗೆ ನಡೆದು ಬರುವಾಗ, ಔಷಧದಂಗಡಿಯ ಪಕ್ಕದ ತಿರುವಿನಲ್ಲಿ, ನಮ್ಮ ಹಳೆಯ ಬಾಡಿಗೆ ಮನೆಯ ಮಾಲೀಕರ ಮಗ ನನ್ನನ್ನು ಅಡ್ಡಗಟ್ಟಿದ. ನನ್ನ ಎಡಗೈ ಹಿಡಿದು ಎಳೆದ. ಕೂಗಿಕೊಂಡಾಗ ಕಬ್ಬಿಣದ ರಾಡಿನಿಂದ ಬಲ ಮೊಣಕೈಗೆ ಹೊಡೆದ. 'ಸ್ಟೇಷನ್ನಿಗೆ ಹೋದ್ರೆ ಮುಗಿಸಿಬಿಡ್ತೀನಿ' ಅಂದ. ಅಂಗಡಿಯವರು ಬಂದು ಬಿಡಿಸಿದರು." ಅಡ್ಡಗಟ್ಟಿದ್ದು, ಎಳೆದದ್ದು, ರಾಡಿನಿಂದ ಹೊಡೆದದ್ದು, ಬೆದರಿಸಿದ್ದು, ನಾಲ್ಕು ಬೇರೆ ಬೇರೆ ಕೃತ್ಯಗಳು ನಾಲ್ಕು ಸಾಲಿನಲ್ಲಿವೆ. ಕಲಂ ಯಾವುದು ಹಾಕಬೇಕು ಅನ್ನುವುದು ಪೊಲೀಸರ ಕೆಲಸ, ನೀವು ಬರೆಯುವುದು ಬೇಡ.

ಬೈಗುಳ, ಬೆದರಿಕೆಯ ಮಾತುಗಳನ್ನು ಹೇಳಿದ ಹಾಗೇ ಬರೆಯಿರಿ. ಜಾತಿ ಹಿಡಿದು ಬೈದಿದ್ದರೆ ಆ ಪದವನ್ನೂ, ಅಲ್ಲಿ ಯಾರಿದ್ದರು, ಜಾಗ ಎಲ್ಲರ ಕಣ್ಣಿಗೆ ಬೀಳುವಂಥದ್ದೇ ಅನ್ನುವುದನ್ನೂ ಬರೆಯಿರಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣ ಅದರ ಮೇಲೇ ನಿಲ್ಲುತ್ತದೆ. ದೂರು ತಡವಾಗಿದ್ದರೆ ಕಾರಣ ದೂರಿನಲ್ಲೇ ಇರಲಿ: ಆಸ್ಪತ್ರೆಯಲ್ಲಿದ್ದೆ, ಬೆದರಿಕೆ ಇತ್ತು, ಮನೆಯವರು ತಡೆದರು. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ. ಸಮಯ ಖಚಿತವಿಲ್ಲದಿದ್ದರೆ "ಸುಮಾರು" ಸಾಕು.

ದೂರು ನೊಂದವರ ಮಾತಿನಲ್ಲೇ ಇರಲಿ. ನೀವು ಬರೆದುಕೊಡಬಹುದು, ಆದರೆ ಅವರು ಹೇಳದ ಪದ ಹಾಕಬಾರದು. ನಗರದಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ, ಬಂಗಾಳಿ ಮಾತಾಡುವವರು ಲಕ್ಷಗಟ್ಟಲೆ ಇದ್ದಾರೆ. ಅವರು ಬಾಯಲ್ಲಿ ಹೇಳಿದ್ದನ್ನು ಠಾಣೆಯಲ್ಲಿ ಕನ್ನಡಕ್ಕಿಳಿಸುವಾಗ "ತಳ್ಳಿದ" ಅನ್ನುವುದು "ಹಲ್ಲೆ ಮಾಡಿದ" ಆಗುತ್ತದೆ, "ಮುಟ್ಟಿದ" ಅನ್ನುವುದು ಮಾಯವೇ ಆಗುತ್ತದೆ. ಸಹಿ ಹಾಕುವ ಮುಂಚೆ ಪೂರ್ತಿ ಓದಿ ಹೇಳಿಸಿ, ಅವರ ಭಾಷೆಯಲ್ಲಿ ಅರ್ಥ ಹೇಳಿಸಿ. ಓದಿ ಹೇಳಬೇಕಾದ್ದು ಕಾನೂನಿನಲ್ಲೇ ಇದೆ, ಅದು ಅವರು ಮಾಡುವ ಉಪಕಾರವಲ್ಲ.

ಠಾಣೆಯಲ್ಲಿ ಕೇಳಿಸುವ ಮೂರು ಮಾತು

ಮೊದಲನೆಯದು, "ಇದು ನಮ್ಮ ಲಿಮಿಟ್ಸ್ ಅಲ್ಲ." ಕೃತ್ಯ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ದಾಖಲಾಗಬೇಕು, ಬಿಎನ್‌ಎಸ್‌ಎಸ್ 173ನೇ ಕಲಂ ಪ್ರಕಾರ. ಇದನ್ನೇ ಝೀರೋ ಎಫ್ಐಆರ್ ಅನ್ನುವುದು. ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಹೊಣೆ.

ಎರಡನೆಯದು, "ಅರ್ಜಿ ಕೊಟ್ಟು ಹೋಗಿ, ಕರೆದು ವಿಚಾರಿಸ್ತೀವಿ." ಇಲ್ಲಿ ನಿಮ್ಮ ಕೈಗೆ ಯಾವ ಕಾಗದ ಬಂತು ಅನ್ನುವುದೇ ಮುಖ್ಯ. ಅರ್ಜಿಯ ಸ್ವೀಕೃತಿ, ಎನ್‌ಸಿಆರ್, ಎಫ್ಐಆರ್, ಮೂರೂ ಬೇರೆ ಬೇರೆ. ಮೂರರಲ್ಲೂ ನಂಬರು, ಸೀಲು ಇರುತ್ತವೆ, ಹಾಗಾಗಿ ಜನ "ಕಂಪ್ಲೇಂಟ್ ಆಯ್ತು" ಅಂತ ಮನೆಗೆ ಹೋಗಿ ತಿಂಗಳು ಕಾಯುತ್ತಾರೆ. ಎನ್‌ಸಿಆರ್ ಆಗಿದ್ದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆಯೇ ನಡೆಯುವುದಿಲ್ಲ. ತನಿಖೆ ಶುರುವಾಗುವುದು ಎಫ್ಐಆರ್ ಆದಾಗ. ಕಾಗದದ ಮೇಲೆ "ಪ್ರಥಮ ವರ್ತಮಾನ ವರದಿ" ಅಂತಲೂ, ಅಪರಾಧ ಸಂಖ್ಯೆ ಮತ್ತು ಕಲಂಗಳೂ ಇದ್ದರೆ ಅದು ಎಫ್ಐಆರ್. ಅದರ ಪ್ರತಿ ದೂರುದಾರರಿಗೋ ನೊಂದವರಿಗೋ ಉಚಿತವಾಗಿ ಸಿಗಬೇಕು. ಸಂಜ್ಞೇಯ ಅಪರಾಧ, ಅಂದರೆ ಅಂಥ ಅಪ್ಪಣೆ ಇಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧ, ಕಂಡರೆ ಎಫ್ಐಆರ್ ಕಡ್ಡಾಯ ಅಂತ 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ, ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು, 14 ದಿನದೊಳಗೆ ಮುಗಿಯುವ ಪ್ರಾಥಮಿಕ ವಿಚಾರಣೆಗೆ ಹೊಸ ಕಾನೂನು ಅವಕಾಶ ಕೊಟ್ಟಿದೆ. ಬೆಂಗಳೂರಿನಲ್ಲಿ ಆ ಅಧಿಕಾರಿ ಎಸಿಪಿ. ಹಾಗೆ ವಿಚಾರಣೆ ಅಂದರೆ ಅನುಮತಿ ಯಾವ ದಿನಾಂಕದ್ದು ಅಂತ ಕೇಳಿ, 15ನೇ ದಿನ ಮತ್ತೆ ಹೋಗಿ.

ಮೂರನೆಯದು, "ಇನ್ಸ್‌ಪೆಕ್ಟರ್ ಬಂದೋಬಸ್ತಲ್ಲಿದ್ದಾರೆ, ನಾಳೆ ಬನ್ನಿ." ಠಾಣಾಧಿಕಾರಿ ಇಲ್ಲದಾಗ ಆ ಜವಾಬ್ದಾರಿ ಇನ್ನೊಬ್ಬ ಅಧಿಕಾರಿಯ ಮೇಲಿರುತ್ತದೆ. ತಾಳ್ಮೆಯಿಂದ "ಹಾಗಾದ್ರೆ ಈಗ ಇನ್‌ಚಾರ್ಜ್ ಯಾರು ಸಾರ್?" ಅಂತ ಕೇಳಿ, ಹೆಸರು ಬರೆದುಕೊಳ್ಳಿ. ಈ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಆಗಿಬಿಡುತ್ತದೆ. ದನಿ ಏರಿಸಿದರೆ ಮಾತು ಕೃತ್ಯದಿಂದ ಜಾರಿ ನಿಮ್ಮ ನಡವಳಿಕೆಯ ಮೇಲೆ ಹೋಗುತ್ತದೆ, ನೊಂದವರು ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಾರೆ.

ಎಲ್ಲ ಆದರೂ ಎಫ್ಐಆರ್ ಆಗಲಿಲ್ಲವೆಂದರೆ ಹಿಂಬರಹ ಕೇಳಿ, ಯಾಕೆ ದಾಖಲಿಸಲಿಲ್ಲ ಅನ್ನುವುದು ಬರವಣಿಗೆಯಲ್ಲಿ. ಅದೇ ದೂರನ್ನು ಆ ವಿಭಾಗದ ಡಿಸಿಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ, ತಲುಪಿದ ಟ್ರ್ಯಾಕಿಂಗ್ ಪುಟ ಎರಡನ್ನೂ ಇಟ್ಟುಕೊಳ್ಳಿ. ನಂತರದ ಹೆಜ್ಜೆ ಮ್ಯಾಜಿಸ್ಟ್ರೇಟರ ಮುಂದೆ 175ನೇ ಕಲಂನ 3ನೇ ಉಪಕಲಂ ಅಡಿ ಅರ್ಜಿ, ಪ್ರಮಾಣಪತ್ರದ ಸಮೇತ. ಡಿಸಿಪಿಗೆ ಕಳಿಸಿದ ಪುರಾವೆ ಇಲ್ಲದೆ ಹೋದ ಅರ್ಜಿಗಳು ಅಲ್ಲೇ ನಿಂತುಹೋಗುತ್ತವೆ, ಅದಕ್ಕೇ ಆ ರಸೀದಿ. ಅತ್ಯಾಚಾರ, ಆಸಿಡ್ ದಾಳಿಯಂಥ ಪ್ರಕರಣಗಳಲ್ಲಿ ದೂರು ದಾಖಲಿಸದ ಅಧಿಕಾರಿಗೇ ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ, ಅಂದರೆ ಬಿಎನ್‌ಎಸ್ 199ನೇ ಕಲಂ ಅಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಸಜೆ ಇದೆ.

ಮಹಿಳೆಯರ ಮೇಲಿನ ಲೈಂಗಿಕ ಅಪರಾಧಗಳ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರಕ್ಕೆ ಒಳಗಾದವರ ಹೇಳಿಕೆಯನ್ನು ಅವರ ಮನೆಯಲ್ಲೋ ಅವರು ಹೇಳಿದ ಜಾಗದಲ್ಲೋ ಪಡೆಯಬೇಕು. ಮಹಿಳೆಯರನ್ನು, 15 ವರ್ಷದೊಳಗಿನ ಮತ್ತು 60 ದಾಟಿದವರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಸಾಕ್ಷಿಯಾಗಿ ವಿಚಾರಿಸಲು ಠಾಣೆಗೆ ಕರೆಸುವಂತಿಲ್ಲ. ಮಗುವಾದರೆ ಪೊಲೀಸರು ಸಮವಸ್ತ್ರದಲ್ಲಿರಬಾರದು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಪೋಕ್ಸೋದಲ್ಲಿ ಬೆಂಬಲ ವ್ಯಕ್ತಿಯನ್ನು ಆ ಸಮಿತಿಯೇ ನೇಮಿಸಿಕೊಡಬಹುದು, ಕೇಳಿಕೊಳ್ಳಿ.

ಸೈಬರ್ ವಂಚನೆಯ ದಾರಿ ಸ್ವಲ್ಪ ಬೇರೆ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ನಿಮಿಷಗಳಲ್ಲಿ ದಾಟಿಸುತ್ತಾರೆ, ಆದ್ದರಿಂದ ಪೂರ್ತಿ ಕತೆ ಬರೆಯುತ್ತ ಕೂರಬೇಡಿ. 1930ಕ್ಕೆ ಕರೆ ಮಾಡುವಾಗ ಕೈಯಲ್ಲಿರಬೇಕಾದ್ದು ವಹಿವಾಟಿನ ಯುಟಿಆರ್ ಸಂಖ್ಯೆ (ಬ್ಯಾಂಕು ಪ್ರತಿ ವಹಿವಾಟಿಗೆ ಕೊಡುವ ಗುರುತಿನ ಸಂಖ್ಯೆ), ಮೊತ್ತ, ಸಮಯ, ಹಣ ಹೋದ ಖಾತೆ ಅಥವಾ ಯುಪಿಐ ಐಡಿ. ಜೊತೆಜೊತೆಗೇ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. ಆಮೇಲೆ ನಿಮ್ಮ ವಿಭಾಗದ ಸೆನ್ ಠಾಣೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆ. ಹಣ ತಡೆಹಿಡಿದಿದ್ದಾರೆ ಅಂದ ಮಾತ್ರಕ್ಕೆ ತಾನಾಗಿ ವಾಪಸ್ ಬರುವುದಿಲ್ಲ, ಬಿಡುಗಡೆಗೆ ಬೇರೆ ಅರ್ಜಿ ಹಾಕಬೇಕಾಗುತ್ತದೆ.

ತನಿಖೆಯ ತಿಂಗಳುಗಳು

ಒಂದು ಫೈಲು ಮಾಡಿ. ಮೊದಲ ಹಾಳೆಯಲ್ಲಿ ಠಾಣೆ, ಅಪರಾಧ ಸಂಖ್ಯೆ, ದಿನಾಂಕ, ತನಿಖಾಧಿಕಾರಿಯ ಹೆಸರು, ಫೋನು. ಎರಡನೆಯದರಲ್ಲಿ ಪ್ರತಿ ಭೇಟಿ, ಪ್ರತಿ ಕರೆ: ಯಾವತ್ತು, ಯಾರು, ಏನು ಹೇಳಿದರು. ಉಳಿದದ್ದೆಲ್ಲ ಪ್ರತಿಗಳು, ಮೂಲವನ್ನು ಮನೆಯಲ್ಲಿಡಿ. ತನಿಖಾಧಿಕಾರಿಗಳು ವರ್ಗಾವಣೆಯಾಗುತ್ತಾರೆ. ಹೊಸಬರು ಬಂದಾಗ ಈ ಎರಡು ಹಾಳೆ ಕೈಗೆ ಕೊಟ್ಟರೆ ಕೇಸು ಮತ್ತೆ ಮೊದಲಿನಿಂದ ಶುರುವಾಗುವುದು ತಪ್ಪುತ್ತದೆ.

ಮೊದಲ ವಾರದಲ್ಲೇ ಸಿಸಿಟಿವಿ ವಿಷಯ ನೋಡಿ. ಅಂಗಡಿ, ಅಪಾರ್ಟ್‌ಮೆಂಟುಗಳ ಡಿವಿಆರ್ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆಯುತ್ತದೆ. ಕೆಲವು ವಾರ ಕಳೆದರೆ ಆ ರಾತ್ರಿಯ ದೃಶ್ಯ ಇರುವುದೇ ಇಲ್ಲ. ಯಾವ ಕ್ಯಾಮೆರಾ, ಯಾವ ಹೊತ್ತು ಅನ್ನುವುದನ್ನು ಪಟ್ಟಿ ಮಾಡಿ, ವಶಪಡಿಸಿಕೊಳ್ಳಿ ಅಂತ ತನಿಖಾಧಿಕಾರಿಗೆ ಬರೆದುಕೊಡಿ. ಬೆದರಿಕೆಯ ಮೆಸೇಜು, ಕರೆಗಳಿದ್ದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರಕ್ಕೆ ಮೂಲ ಸಾಧನ ಬೇಕಾಗುತ್ತದೆ.

ತನಿಖೆ ಎಲ್ಲಿಗೆ ಬಂತು ಅನ್ನುವುದನ್ನು 90 ದಿನದೊಳಗೆ ದೂರುದಾರರಿಗೆ ಇಲ್ಲವೇ ನೊಂದವರಿಗೆ ಪೊಲೀಸರೇ ತಿಳಿಸಬೇಕು, ವಾಟ್ಸಾಪಿನಲ್ಲಾದರೂ ಸರಿ. ಅತ್ಯಾಚಾರ ಮತ್ತು ಪೋಕ್ಸೋ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. 80ನೇ ದಿನ ಒಂದು ಪುಟದ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಗಂಭೀರ ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರ ಮುಂದೆ 183ನೇ ಕಲಂ ಹೇಳಿಕೆ ಇರುತ್ತದೆ, ಇನ್ನೂ ಎಷ್ಟೋ ಜನ ಇದನ್ನು ಹಳೆಯ ಹೆಸರಿನಲ್ಲಿ "164" ಅಂತಲೇ ಅನ್ನುತ್ತಾರೆ. ಆ ದಿನ ನೀವು ಹೊರಗೆ ಕಾಯಬೇಕಾಗುತ್ತದೆ. ಊಟ ಮಾಡಿಸಿ ಕರೆದುಕೊಂಡು ಹೋಗಿ, ಬೆಂಗಳೂರಿನ ನೃಪತುಂಗ ರಸ್ತೆಯ ಕೋರ್ಟಿನ ಕಾರಿಡಾರಿನಲ್ಲಿ ಕಾಯುವುದು ಮಧ್ಯಾಹ್ನ ದಾಟಬಹುದು. ಏನು ಹೇಳಬೇಕು ಅಂತ ದಾರಿಯಲ್ಲಿ ಅಭ್ಯಾಸ ಮಾಡಿಸಬೇಡಿ. ಕಲಿಸಿಕೊಟ್ಟ ಮಾತು ಪಾಟೀಸವಾಲಿನಲ್ಲಿ ಮೊದಲು ಮುರಿಯುತ್ತದೆ.

ಚಾರ್ಜ್‌ಶೀಟಿನ ಪ್ರತಿ ನೊಂದವರಿಗೂ ಸಿಗಬೇಕು ಅಂತ 230ನೇ ಕಲಂ ಹೇಳುತ್ತದೆ, ಆದರೆ ಅವರ ಪರ ವಕೀಲರಿದ್ದರೆ ಮಾತ್ರ. ಈ "ಇದ್ದರೆ" ಅನ್ನುವುದು ಬಹಳ ಜನರ ಕಣ್ತಪ್ಪಿಸಿದೆ. ಸರ್ಕಾರಿ ಅಭಿಯೋಜಕರು ಇದ್ದಾರಲ್ಲ, ನಮಗ್ಯಾಕೆ ವಕೀಲರು ಅಂತ ಸುಮ್ಮನಿದ್ದರೆ ಪ್ರತಿಯೂ ಇಲ್ಲ, ಜಾಮೀನು ಅರ್ಜಿಯ ಸುದ್ದಿಯೂ ಇಲ್ಲ. ದುಡ್ಡಿಲ್ಲ ಅನ್ನುವುದು ಅಡ್ಡಿಯಾಗಬೇಕಿಲ್ಲ: ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ವಕಾಲತ್ತು ಆದಷ್ಟು ಬೇಗ ಹಾಕಿಸಿ.

ಪೊಲೀಸರು ಬಿ ರಿಪೋರ್ಟ್ ಹಾಕಿದರೆ ಕೇಸು ಮುಗಿಯಿತು ಅಂತ ಅರ್ಥವಲ್ಲ. ಬಿ ಅಂದರೆ ಅಪರಾಧಕ್ಕೆ ಆಧಾರವಿಲ್ಲ ಅನ್ನುವುದು, ಸಿ ಅಂದರೆ ಆರೋಪಿ ಪತ್ತೆಯಾಗಲಿಲ್ಲ ಅನ್ನುವುದು. ಕೋರ್ಟಿನಿಂದ ದೂರುದಾರರಿಗೆ ನೋಟಿಸು ಬರುತ್ತದೆ. ಬಾಡಿಗೆ ಮನೆ ಬದಲಿಸಿದ ಕಾರಣಕ್ಕೆ ನೋಟಿಸು ಕೈಗೆ ಸಿಗದೆ ಬಿ ರಿಪೋರ್ಟ್ ಒಪ್ಪಿಗೆಯಾಗಿಬಿಡುವುದುಂಟು, ಆದ್ದರಿಂದ ವಿಳಾಸ ಬದಲಾದ ವಾರದಲ್ಲೇ ಠಾಣೆಗೂ ಕೋರ್ಟಿಗೂ ತಿಳಿಸಿ. ನೋಟಿಸು ಬಂದ ಮೇಲೆ ತಕರಾರು ಅರ್ಜಿ ಹಾಕಬಹುದು. ಯಾವ ಸಾಕ್ಷಿಯನ್ನು ವಿಚಾರಿಸಲಿಲ್ಲ, ಯಾವ ದಾಖಲೆ ತರಿಸಲಿಲ್ಲ ಅನ್ನುವುದನ್ನು ಅದರಲ್ಲಿ ಒಂದೊಂದಾಗಿ ತೋರಿಸಬೇಕು. ಆಗ ಫೈಲಿನ ಎರಡನೇ ಹಾಳೆ ಕೆಲಸಕ್ಕೆ ಬರುತ್ತದೆ.

ಬೆದರಿಕೆ ಬಂದರೆ ಬಾಯಲ್ಲಿ ಹೇಳಿ ಬಿಡಬೇಡಿ. ಪ್ರತಿ ಸಲವೂ ತನಿಖಾಧಿಕಾರಿಗೆ ಬರೆದುಕೊಡಿ. ಆರೋಪಿ ಜಾಮೀನಿನ ಮೇಲಿದ್ದರೆ ಅದೇ ಕಾಗದಗಳಿಂದ ಜಾಮೀನು ರದ್ದತಿ ಕೇಳಬಹುದು. 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಅರ್ಜಿ ಹಾಕಿದರೆ ಎಸಿಪಿ ಐದು ಕೆಲಸದ ದಿನಗಳಲ್ಲಿ ಬೆದರಿಕೆಯ ವರದಿ ಕೊಡಬೇಕು. ಜಾಮೀನು ವಿಚಾರಣೆಯೂ ಸೇರಿ ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಲ್ಲಂತೂ 15ಎ ಕಲಂ ಪ್ರಕಾರ ನೋಟಿಸು ಕೊಡದೆ ಜಾಮೀನು ಅರ್ಜಿ ಕೇಳುವಂತೆಯೇ ಇಲ್ಲ.

ಪರಿಹಾರದ ಹಣ

ತೀರ್ಪು ಬಂದ ಮೇಲೆ ಪರಿಹಾರ ಅಂದುಕೊಂಡು ಕಾಯುವುದರಿಂದ ಎಷ್ಟೋ ಕುಟುಂಬಗಳು ಸಾಲಕ್ಕೆ ಬೀಳುತ್ತವೆ. ಬಿಎನ್‌ಎಸ್‌ಎಸ್ 396ನೇ ಕಲಂನಡಿ ಸರ್ಕಾರದ ನಿಧಿಯಿಂದ ಬರುವ ಪರಿಹಾರಕ್ಕೆ ಆರೋಪಿಗೆ ಶಿಕ್ಷೆ ಆಗಬೇಕಿಲ್ಲ, ಆರೋಪಿ ಸಿಗದೇ ಇದ್ದರೂ ಕೇಳಬಹುದು. ಅರ್ಜಿ ಕೊಡಬೇಕಾದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ಅವರ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು. ತುರ್ತು ಚಿಕಿತ್ಸೆಗೆ ಮಧ್ಯಂತರ ನೆರವನ್ನೂ ಅದರಲ್ಲೇ ಕೇಳಿ, ಬೇರೆ ಸಾಲಾಗಿ ಬರೆದು ಕೇಳಿ. ಕೇಳದಿದ್ದರೆ ಅದು ಕಡೆಯ ಆದೇಶದ ಜೊತೆ ಸೇರಿಹೋಗುತ್ತದೆ.

ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ಮಾಡಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಸಾವಿಗೆ 5ರಿಂದ 10 ಲಕ್ಷ, ಆಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ರೂಪಾಯಿ ಅಂತ ಇದೆ. ಬಂದ ಹಣದಲ್ಲಿ ನಾಲ್ಕನೇ ಒಂದು ಪಾಲು ಕೈಗೆ, ಉಳಿದ ಮುಕ್ಕಾಲು ಪಾಲು ಕನಿಷ್ಠ ಮೂರು ವರ್ಷದ ಠೇವಣಿಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಏಳು ಲಕ್ಷ ಅಂತ ನಂಬಿ ಸಾಲಗಾರರಿಗೆ ಮಾತು ಕೊಟ್ಟಿರುತ್ತಾರೆ. ಪುರುಷರಿಗೆ, ಬೇರೆ ಅಪರಾಧಗಳಿಗೆ ಕರ್ನಾಟಕದ ಸಂತ್ರಸ್ತರ ಪರಿಹಾರ ಯೋಜನೆ ಇದೆ.

ಅರ್ಜಿಗೆ ಎಫ್ಐಆರ್, ಆಧಾರ್, ವೈದ್ಯಕೀಯ ದಾಖಲೆ, ಆಸ್ಪತ್ರೆ ಬಿಲ್ಲು, ಕೆಲಸ ತಪ್ಪಿದ್ದರೆ ಮಾಲೀಕರ ಪತ್ರ, ಸಾವಾಗಿದ್ದರೆ ಮರಣ ಪ್ರಮಾಣಪತ್ರ ಮತ್ತು ಅವಲಂಬಿತರ ದಾಖಲೆ ಸೇರಿಸಿ. ಬ್ಯಾಂಕ್ ಖಾತೆ ನೊಂದವರೊಬ್ಬರ ಹೆಸರಿನಲ್ಲೇ ಇರಲಿ. ಗಂಡನ ಜೊತೆಗಿನ ಜಂಟಿ ಖಾತೆಗೆ ಬಂದ ಪರಿಹಾರ ಹೊಡೆದವನ ಕೈಗೇ ಹೋಗಬಹುದು.

ದೌರ್ಜನ್ಯ ತಡೆ ಕಾಯ್ದೆಯ ಪರಿಹಾರ ಬರುವುದು ಬೇರೆ ಬಾಗಿಲಿನಿಂದ, ಜಿಲ್ಲಾಡಳಿತ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೂಲಕ, ಹಂತ ಹಂತವಾಗಿ. ಕೊಲೆಯಾದರೆ 2016ರ ನಿಯಮದಂತೆ 8.25 ಲಕ್ಷ: ಮರಣೋತ್ತರ ಪರೀಕ್ಷೆಯ ನಂತರ ಅರ್ಧ, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಉಳಿದರ್ಧ. ಇಲ್ಲಿ ಸಾಮಾನ್ಯವಾಗಿ ತಡವಾಗುವುದು ಜಾತಿ ಪ್ರಮಾಣಪತ್ರದಿಂದ. ಎಫ್ಐಆರ್ ಆದ ದಿನವೇ ನಾಡಕಚೇರಿಗೆ ಅರ್ಜಿ ಹಾಕಿಸಿ.

ಸಾಕ್ಷಿ ಹೇಳುವ ದಿನ

ಘಟನೆ ನಡೆದು ವರ್ಷಗಳಾದ ಮೇಲೆ ಒಂದು ದಿನ ಸಮನ್ಸು ಬರುತ್ತದೆ. ಆಗ ನೊಂದವರು ಹೇಗೋ ಮರೆತು ಬದುಕು ಕಟ್ಟಿಕೊಂಡಿರುತ್ತಾರೆ. ಆ ಕಾಗದ ಹಳೆಯ ರಾತ್ರಿಯನ್ನು ವಾಪಸ್ ತರುತ್ತದೆ. ನಿದ್ದೆ ಕೆಟ್ಟರೆ, ಕೈ ನಡುಗಿದರೆ ಅದು ದೌರ್ಬಲ್ಯವಲ್ಲ ಅಂತ ಹೇಳಿ. ಟೆಲಿ ಮಾನಸ್‌ನ 14416 ದಿನವಿಡೀ ಕೆಲಸ ಮಾಡುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಸಾಧ್ಯವಾದರೆ ಒಂದು ದಿನ ಮುಂಚೆ ಬರೀ ಕೋರ್ಟು ನೋಡಿ ಬರಲು ಕರೆದೊಯ್ಯಿರಿ. ಸೆಷನ್ಸ್ ಪ್ರಕರಣವಾದರೆ ಕೆಂಪೇಗೌಡ ರಸ್ತೆಯ ಸಿವಿಲ್ ಕೋರ್ಟ್ ಸಂಕೀರ್ಣ ಇರಬಹುದು, ಕೆಲವು ಮೇಯೋ ಹಾಲಿನಲ್ಲಿ. ಯಾವ ಮಹಡಿ, ಹಾಲ್ ನಂಬರು ಎಷ್ಟು, ಸಾಕ್ಷಿ ಕಟಕಟೆ ಎಲ್ಲಿದೆ, ಆರೋಪಿ ಎಲ್ಲಿ ನಿಲ್ಲುತ್ತಾನೆ, ಶೌಚಾಲಯ ಎಲ್ಲಿದೆ, ಇಷ್ಟು ಗೊತ್ತಿದ್ದರೆ ಮರುದಿನದ ಭಯ ಅರ್ಧ ಇಳಿದಿರುತ್ತದೆ. ಬೆಳಗ್ಗೆ ಕಲಾಪ ಶುರುವಾಗುವ ಮುಂಚೆ ಸರ್ಕಾರಿ ಅಭಿಯೋಜಕರನ್ನು ಕಂಡು, ನೊಂದವರು ತಾವು ಕೊಟ್ಟ ಹೇಳಿಕೆಯನ್ನು ಒಮ್ಮೆ ಓದಿಕೊಳ್ಳಬೇಕು ಅಂತ ಕೇಳಿ. ಅತ್ಯಾಚಾರ, ಪೋಕ್ಸೋ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯಬೇಕು. ಆರೋಪಿಯ ಕಣ್ಣಿಗೆ ಬೀಳದಂತೆ ಪರದೆ ಬೇಕೆಂದರೆ ಮುಂಚಿತವಾಗಿ ಅರ್ಜಿ ಕೊಡಿಸಿ. ಮಕ್ಕಳಿಗೆ ಪಾಟೀಸವಾಲಿನ ಪ್ರಶ್ನೆಯನ್ನು ವಕೀಲರು ನೇರವಾಗಿ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು.

ಇವಿಷ್ಟನ್ನು ಅವರಿಗೆ ಹೇಳಿಕೊಡಬಹುದು, ಇದು ಸಾಕ್ಷ್ಯ ಕಲಿಸಿದಂತಲ್ಲ: ಪ್ರಶ್ನೆ ಅರ್ಥವಾಗದಿದ್ದರೆ "ಅರ್ಥವಾಗಲಿಲ್ಲ" ಅನ್ನಿ. ನೆನಪಿಲ್ಲದಿದ್ದರೆ "ನೆನಪಿಲ್ಲ" ಅನ್ನಿ. ಒಂದೇ ಪ್ರಶ್ನೆಯಲ್ಲಿ ಎರಡು ಮಾತು ಸೇರಿದ್ದರೆ ಬಿಡಿಸಿ ಕೇಳಲು ಹೇಳಿ. ನೀರು ಬೇಕಾದರೆ ಕೇಳಿ. ಅಳು ಬಂದರೆ ಅಳಿ, ನ್ಯಾಯಾಧೀಶರು ಕಾಯುತ್ತಾರೆ. ಬರೆದುಕೊಂಡ ಹೇಳಿಕೆಯನ್ನು ಓದಿ ನೋಡದೆ ಸಹಿ ಬೇಡ.

ಹೆಚ್ಚಿನ ಸಲ ಆ ದಿನ ಕೇಸು ಮುಂದಕ್ಕೆ ಹೋಗುತ್ತದೆ, ಅದನ್ನೂ ಮೊದಲೇ ಹೇಳಿರಿ. ದಿನಗೂಲಿ ಬಿಟ್ಟು ಬಂದವರಿಗೆ ಇದು ದೊಡ್ಡ ನಷ್ಟ. ಸಾಕ್ಷಿಯ ಖರ್ಚಿಗೆ ಭತ್ಯೆ ಕೊಡಲು ಕೋರ್ಟಿಗೆ ಅಧಿಕಾರವಿದೆ, ಬಸ್ ಟಿಕೆಟ್ ಇಟ್ಟುಕೊಂಡು ಅಭಿಯೋಜಕರ ಮೂಲಕ ಕೇಳಿ. ವಾಯಿದೆ ಯಾವತ್ತು ಅನ್ನುವುದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರಗಳ ಸಿಎನ್ಆರ್ ಸಂಖ್ಯೆ ಹಾಕಿ ಹಿಂದಿನ ಸಂಜೆಯೇ ನೋಡಿ.

ಕಾರಿಡಾರಿನಲ್ಲೇ ರಾಜಿಯ ಮಾತು ಬರುವುದು. ದೊಡ್ಡವರೊಬ್ಬರು ಪಕ್ಕಕ್ಕೆ ಕರೆದು "ಆಗಿದ್ದು ಆಗಿಹೋಯ್ತು, ಹುಡುಗಿ ಬಾಳು ನೋಡಿ" ಅನ್ನುತ್ತಾರೆ. ನಿಮ್ಮ ಕೆಲಸ ಹೂಂ ಅನ್ನಿಸುವುದೂ ಅಲ್ಲ, ಊಹೂಂ ಅನ್ನಿಸುವುದೂ ಅಲ್ಲ. ಕೆಲವು ಸಣ್ಣ ಅಪರಾಧಗಳಲ್ಲಿ ಕಾನೂನೇ ರಾಜಿಗೆ ಬಿಡುತ್ತದೆ, ಅತ್ಯಾಚಾರ, ಪೋಕ್ಸೋದಲ್ಲಿ ಬಿಡುವುದಿಲ್ಲ. ವ್ಯತ್ಯಾಸವನ್ನು ಅವರ ವಕೀಲರಿಂದಲೇ ಅವರಿಗೆ ಹೇಳಿಸಿ, ಯೋಚಿಸಲು ಸಮಯ ಕೊಡಿಸಿ. ಆ ಜನರ ಎದುರಿಗೆ ಉತ್ತರ ಹೇಳಬೇಕಾದ ಒತ್ತಡದಿಂದ ಅವರನ್ನು ಈಚೆ ಕರೆತನ್ನಿ.

ನೀವೇ ಮಾಡಬಹುದಾದ ಹಾನಿ

ಒಳ್ಳೆಯ ಮನಸ್ಸಿನಿಂದ ಹಾಕಿದ ಫೇಸ್‌ಬುಕ್ ಪೋಸ್ಟ್ ಕೇಸಿಗೂ ನೊಂದವರಿಗೂ ಪೆಟ್ಟು ಕೊಡಬಲ್ಲದು. ಲೈಂಗಿಕ ಅಪರಾಧಕ್ಕೆ ಒಳಗಾದವರ ಹೆಸರನ್ನಷ್ಟೇ ಅಲ್ಲ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವುದು ಬಿಎನ್‌ಎಸ್ 72ನೇ ಕಲಂ ಪ್ರಕಾರ ಅಪರಾಧ: ಬಡಾವಣೆ, ಶಾಲೆ, ಗಂಡನ ಕೆಲಸ ಮೂರೂ ಸೇರಿದರೆ ಗುರುತು ಸಿಕ್ಕಂತೆಯೇ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಇದು ಅನ್ವಯಿಸುತ್ತದೆ. ಎಫ್ಐಆರ್ ಪ್ರತಿಯ ಫೋಟೋ ಯಾರಿಗೂ ಕಳಿಸಬೇಡಿ.

ಒಬ್ಬರೇ ಎಲ್ಲ ಓಡಾಟ ಹೊರಬೇಡಿ. ಇಬ್ಬರಿರಲಿ, ಒಬ್ಬರು ಕಾಗದ ನೋಡಿಕೊಳ್ಳಲಿ, ಇನ್ನೊಬ್ಬರು ಮನುಷ್ಯರನ್ನು. ಆರು ತಿಂಗಳಾದ ಮೇಲೆ ಫೋನು ಎತ್ತುವುದನ್ನೇ ಬಿಡುವ ಜೊತೆಗಾರರಿಗಿಂತ, ತಿಂಗಳಿಗೊಮ್ಮೆ ತಪ್ಪದೆ ಕರೆ ಮಾಡುವವರು ಎಷ್ಟೋ ವಾಸಿ. ನಿಮ್ಮ ಕೈಲಾಗುವುದು ಎಷ್ಟು ಅನ್ನುವುದನ್ನು ಮೊದಲ ವಾರವೇ ಅವರಿಗೆ ಹೇಳಿಬಿಡಿ.

ತೀರ್ಪಿನ ನಂತರ

ಆರೋಪಿ ಖುಲಾಸೆಯಾದರೆ, ಕಡಿಮೆ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಪರಿಹಾರ ಸಾಲದಿದ್ದರೆ ನೊಂದವರೇ ಮೇಲ್ಮನವಿ ಹಾಕಬಹುದು, 413ನೇ ಕಲಂನಡಿ. ಸರ್ಕಾರ ಮೇಲ್ಮನವಿ ಹಾಕುತ್ತದೋ ಇಲ್ಲವೋ ಅಂತ ಕಾಯಬೇಕಿಲ್ಲ. ಖುಲಾಸೆಯ ವಿರುದ್ಧದ ಆ ಮೇಲ್ಮನವಿಗೆ ವಿಶೇಷ ಅನುಮತಿ ಬೇಡ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಮಾನಿಸಿದ್ದು ನಮ್ಮ ರಾಜ್ಯದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲೇ. ಆದರೆ ಕೊಟ್ಟ ಶಿಕ್ಷೆ ಕಡಿಮೆಯಾಯಿತು, ಹೆಚ್ಚಿಸಿ ಅಂತ ಕೇಳುವ ಹಕ್ಕು ಈ ಕಲಂನಲ್ಲಿಲ್ಲ. ಅದನ್ನು ಸರ್ಕಾರವೇ ಕೇಳಬೇಕು, ಅಭಿಯೋಜಕರಿಗೆ ಪತ್ರ ಬರೆಯಿರಿ. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ಠಾಣೆಯಲ್ಲೋ ಕೋರ್ಟಿನಲ್ಲೋ ಉಳಿದಿರುವ ನೊಂದವರ ಫೋನು, ಒಡವೆ, ಗಾಡಿ ವಾಪಸ್ ಕೇಳುವ ಅರ್ಜಿಯನ್ನೂ ಅದರ ಜೊತೆಗೇ ಕೊಡಿಸಿ.